ಹಳೆ ಬೋಟಿನ ಮೊದಲ ವರ್ಷ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಾಣಿವಿಲಾಸ ಸಾಗರ, ಸೂಳೆಕೆರೆ, ತುಂಗಭದ್ರೆಯ ದಂಡೆ. ಈ ಮೂರು ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಸಲ ಒಂದೇ ವಿಷಯದ್ದು: ಕರಾವಳಿಯಿಂದ ಕೊಂಡು ತಂದ ಹಳೆ ಫೈಬರ್ ಬೋಟು, ಅದರ ಹಿಂದೆ ಕೂತ ಔಟ್‌ಬೋರ್ಡ್ ಇಂಜಿನ್. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ಮಲ್ಪೆ ಕಡೆಯಿಂದ 18 ಅಡಿಯ ಫೈಬರ್ ಬೋಟು ತಂದಿದ್ದೇವೆ. 40 ಎಚ್‌ಪಿ ಟೂ ಸ್ಟ್ರೋಕ್ ಇಂಜಿನ್ ಇದೆ. ವಾಣಿವಿಲಾಸ ಸಾಗರದ ಹಿನ್ನೀರಿನ ಬಳಿ ನಮ್ಮ ತೋಟದ ಮನೆಗೆ ಬರುವವರನ್ನು ಸುತ್ತಾಡಿಸುವ ಆಸೆ. ಬಣ್ಣ ಹೊಡೆಸಿ, ಸೀಟು ಹಾಕಿಸಿ, ಮೇಲೊಂದು ನೆರಳು ಮಾಡಿಸಿ ಯುಗಾದಿಗೆ ನೀರಿಗಿಳಿಸಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋಣ? — ಹೆಸರು ಬೇಡ, ಹಿರಿಯೂರು

ಉತ್ತರ: ಬಣ್ಣ, ಸೀಟು, ನೆರಳು ಮೂರನ್ನೂ ಸದ್ಯಕ್ಕೆ ಬದಿಗಿಡಿ. ಮೊದಲ ವರ್ಷದ ದುಡ್ಡು ಎರಡು ಕೆಲಸಕ್ಕೆ ಹೋಗಲಿ: ಬೋಟಿನೊಳಗೆ ನೀರು ಬರದಂತೆ ನೋಡುವುದು, ಹೋದ ಬೋಟು ತನ್ನ ಇಂಜಿನ್ನಿನಿಂದಲೇ ದಡಕ್ಕೆ ಮರಳುವಂತೆ ನೋಡುವುದು. ಈಗಲೇ ಬಣ್ಣ ಬಳಿದರೆ ಬಿರುಕು, ಹಳೆ ತೇಪೆ, ನೀರು ಜಿನುಗಿದ ಗುರುತು ಎಲ್ಲಾ ಅದರಡಿ ಮುಚ್ಚಿಹೋಗುತ್ತವೆ. ಒಂದು ವರ್ಷ ಓಡಿಸಿದರೆ ಅವು ಎಲ್ಲೆಲ್ಲಿವೆ ಎಂದು ನಿಮಗೇ ಗೊತ್ತಾಗುತ್ತದೆ. ಬಣ್ಣದ ಸರದಿ ಆಮೇಲೆ.

ಬೋಟು ಇನ್ನೂ ಲಾರಿ ಮೇಲಿದ್ದರೆ ಮೊದಲು ವೇಬ್ರಿಡ್ಜ್‌ಗೆ ಹೋಗಿ. ಮೆಕ್ಕೆಜೋಳದ ಲಾರಿ ತೂಗುವ ವೇಬ್ರಿಡ್ಜೇ ಸಾಕು. ಬೋಟು ಇಳಿಸಿದ ಮೇಲೆ ಖಾಲಿ ಲಾರಿಯನ್ನೂ ತೂಗಿಸಿ. ಇಂಜಿನ್, ಟ್ಯಾಂಕು, ಸಾಮಾನು ಕಳೆದ ಮೇಲೂ ತಯಾರಕರು ಹೇಳಿದ್ದಕ್ಕಿಂತ 100 ಕಿಲೋ ಹೆಚ್ಚು ಬಂತೆಂದರೆ, ಡೆಕ್ಕಿನಡಿ ತುಂಬಿದ ಫೋಮ್ ನೂರು ಲೀಟರಿನಷ್ಟು ನೀರು ಕುಡಿದು ಕೂತಿದೆ ಎಂದೇ ಅನುಮಾನಿಸಬೇಕು. ಡೆಕ್ಕಿನ ಅತಿ ತಗ್ಗಿನ ಜಾಗದಲ್ಲಿ 5 ಸೆಂಟಿಮೀಟರ್ ಅಗಲದ ಕಂಡಿ ಕೊರೆದು ಒಂದು ತುಂಡು ಫೋಮ್ ತೆಗೆದು ನೋಡಿ. ಒಣಗಿದ್ದರೆ ಹಗುರ ಇರುತ್ತದೆ, ನೀರು ಕುಡಿದಿದ್ದರೆ ಕೈಗೆ ಇಟ್ಟಿಗೆಯ ಭಾರ ಸಿಗುತ್ತದೆ. ಅಂಥ ಫೋಮ್ ಬಿಸಿಲಿಗಿಟ್ಟರೂ ಒಣಗುವುದಿಲ್ಲ, ಡೆಕ್ ಕತ್ತರಿಸಿ ತೆಗೆಯುವುದೊಂದೇ ದಾರಿ. ಅದರ ಜಾಗಕ್ಕೆ ಅಗ್ಗವೆಂದು ಥರ್ಮಾಕೋಲ್ ತುರುಕಬೇಡಿ. ಪಾಲಿಯೆಸ್ಟರ್ ರೆಸಿನ್ ತಾಗಿದರೂ ಅದು ಕರಗುತ್ತದೆ, ಪೆಟ್ರೋಲ್ ತಾಗಿದರೂ ಕರಗುತ್ತದೆ.

ಇಂಜಿನ್ ಉಪ್ಪುನೀರಲ್ಲಿ ದುಡಿದದ್ದು. 200 ಲೀಟರಿನ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ನೀರು ಎಳೆಯುವ ಕಂಡಿ ಪೂರ್ತಿ ಮುಳುಗುವಂತೆ ಇಟ್ಟು, ಪ್ರೊಪೆಲ್ಲರ್ ಕಳಚಿ, ನಿಧಾನ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ನೀರಿಲ್ಲದೆ ಕೆಲವು ಸೆಕೆಂಡು ಓಡಿಸಿದರೂ ಇಂಜಿನ್ ತಣಿಸುವ ನೀರನ್ನು ನೂಕುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಸುಡುತ್ತದೆ. ‘ಸ್ಟಾರ್ಟ್ ಆಗುತ್ತಾ ನೋಡೋಣ’ ಎಂದು ಲಾರಿ ಮೇಲೆಯೇ ಹಗ್ಗ ಎಳೆಯಲು ಯಾರನ್ನೂ ಬಿಡಬೇಡಿ. ಅದೇ ದಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ: ಇಂಜಿನ್ ಬೆಚ್ಚಗಿರಬೇಕು, ಎಲ್ಲ ಪ್ಲಗ್ ತೆಗೆದಿರಬೇಕು, ಕಿಲ್ ಸ್ವಿಚ್ಚಿನ ಹಗ್ಗ ಕಳಚಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ. ಅದು ಶೇ 10 ದಾಟಿದರೆ ರಿಂಗು ಅಥವಾ ಗ್ಯಾಸ್ಕೆಟ್ ಹೋಗಿದೆ, ಅದು ಸರಿಯಾಗುವ ತನಕ ಬೇರೆ ಯಾವ ಭಾಗಕ್ಕೂ ದುಡ್ಡು ಸುರಿಯಬೇಡಿ. ಇಂಜಿನ್ನಿನ ಮಾದರಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಕರಾವಳಿಯಲ್ಲಿ ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗುವ ಇಂಜಿನ್ನುಗಳೂ ಇವೆ. ಹೊರನೋಟಕ್ಕೆ ಎರಡೂ ಒಂದೇ, ಒಳಗಿನ ಬಿಡಿಭಾಗ ಬೇರೆ.

ಹೆಚ್ಚಿನವರು ಮರೆಯುವುದು ಸತುವಿನ ಗಟ್ಟಿಯನ್ನು. ಇಂಜಿನ್ನಿನ ಅಲ್ಯುಮಿನಿಯಂ ಬದಲು ತಾನು ಸವೆಯಲೆಂದು ಕೂರಿಸಿದ ಆ ಆನೋಡ್, ಸಿಹಿನೀರಿಗೆ ಬಂದ ಮೇಲೆ ಮೈಮೇಲೆ ಬಿಳಿ ಪೊರೆ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ. ಕೆರೆ, ಜಲಾಶಯದ ಬೋಟಿಗೆ ಮೆಗ್ನೀಸಿಯಂ ಅಥವಾ ಅಲ್ಯುಮಿನಿಯಂ ಆನೋಡ್ ಹಾಕಿಸಿ, ಅದರ ಮೇಲೆ ಬಣ್ಣ ಬಳಿಯಬೇಡಿ.

ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. 1933 ಆದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ 89 ವರ್ಷ ನೀರು ಮುಟ್ಟದ ಮೇಲಂಚಿನ ನೆಲದ ಗಿಡ, ಬದು, ಕಲ್ಲು ಕೆರೆ ತುಂಬಿದಾಗ ನೀರಡಿ ಸೇರುತ್ತವೆ. ಅಂಚಿನಲ್ಲಿ ಹೋಗುವಾಗ ಇಂಜಿನ್ನಿನ ಟಿಲ್ಟ್ ಲಾಕ್ ಬಿಚ್ಚಿರಲಿ, ಏನಾದರೂ ತಾಗಿದರೆ ಕಾಲು ತಾನೇ ಮೇಲೆದ್ದು ಪಾರಾಗುತ್ತದೆ. ಮೊದಲ 20 ಗಂಟೆ ಓಡಿಸಿದ ಮೇಲೆ ಪ್ರತಿ ಬೋಲ್ಟು, ಸ್ಟೀರಿಂಗ್ ಕೇಬಲ್, ಗೇರ್ ಆಯಿಲ್ ಮತ್ತೊಮ್ಮೆ ನೋಡಿ. ಯುಗಾದಿಗೆ ನೀರಿಗಿಳಿಸಬಹುದು, ಆದರೆ ಅತಿಥಿಗಳನ್ನು ಕೂರಿಸುವುದು ಈ 20 ಗಂಟೆಯ ನಂತರವೇ ಆಗಲಿ.

ಪ್ರಶ್ನೆ: ಇಂಜಿನ್ ಕೂತಿರುವ ಹಿಂಬದಿ ಗೋಡೆಯಲ್ಲಿ ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕು ಇದೆ. ಮಾರಿದವರು ‘ಮೇಲಿನ ಪೇಂಟಷ್ಟೇ’ ಅಂದರು. ನೀರಿನ ಟ್ಯಾಂಕ್ ರಿಪೇರಿ ಮಾಡುವ ಹುಡುಗ ಮೇಲೆ ಫೈಬರ್ ಮ್ಯಾಟ್ ಹಚ್ಚಿ ಕೊಡ್ತೀನಿ ಅಂತಾನೆ. ಸಾಕಾ? — ಓದುಗರು, ಚನ್ನಗಿರಿ

ಉತ್ತರ: ಮೇಲೆ ಮ್ಯಾಟ್ ಹಚ್ಚಿಸಿದರೆ ಕಾಯಿಲೆ ಮುಚ್ಚಿದಂತಾಗುತ್ತದೆ ಅಷ್ಟೆ. ಆ ಗೋಡೆ, ಅಂದರೆ ಟ್ರಾನ್ಸಮ್, ಬರೀ ಫೈಬರ್ ಅಲ್ಲ. ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇರುತ್ತದೆ. 70 ಕಿಲೋ ದಾಟಿದ ಇಂಜಿನ್ನಿನ ಭಾರವನ್ನೂ ತಳ್ಳುವ ಬಲವನ್ನೂ ಹೊರುವುದು ಆ ಮರವೇ. ಬೋಲ್ಟಿನ ಕಂಡಿಯಿಂದ ನೀರು ಇಳಿದು ಮರ ಕೊಳೆತರೆ ಹೊರಗೆ ಕಾಣುವುದು ಕೂದಲೆಳೆ ಬಿರುಕು ಮಾತ್ರ.

ಮೂರು ಪರೀಕ್ಷೆ ಮಾಡಿ. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಗೋಡೆಯನ್ನು ಅಂಗೈಯಗಲ ಅಂತರದಲ್ಲಿ ತಟ್ಟುತ್ತಾ ಬನ್ನಿ. ಗಟ್ಟಿ ಮರ ಟಕ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ದಪ್ ಎಂದ ಜಾಗಕ್ಕೆ ಪೆನ್ಸಿಲ್‌ನಿಂದ ಗೆರೆ ಹಾಕಿ. ಎರಡನೆಯದು, ಇಂಜಿನ್ನಿನ ಕಾಲನ್ನು ಪ್ರೊಪೆಲ್ಲರಿನ ಮೇಲಿನ ಚಪ್ಪಟೆ ರೆಕ್ಕೆ ಹಿಡಿದು ಜೋರಾಗಿ ಮೇಲೆ ಕೆಳಗೆ ಅಲುಗಾಡಿಸಿ, ಇನ್ನೊಬ್ಬರು ಗೋಡೆ ನೋಡಲಿ. ಗೋಡೆ ಬಾಗುವುದು ಕಣ್ಣಿಗೆ ಕಂಡರೆ ಆ ಬೋಟನ್ನು ಇಂಜಿನ್ ಸಮೇತ ನೀರಿಗಿಳಿಸಬೇಡಿ. ಮೂರನೆಯದೇ ಕೊನೆಯ ಮಾತು: ಒಳಗಡೆಯಿಂದ, ಹೊರ ಪದರ ತಾಗದಂತೆ, 5 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಕೆಳಭಾಗದಲ್ಲಿ ಕೊರೆಯಿರಿ. ತಿಳಿ ಬಣ್ಣದ ಒಣ ಹುಡಿ ಉದುರಿದರೆ ಮರ ಚೆನ್ನಾಗಿದೆ. ಕಂದು ಬಣ್ಣದ ಒದ್ದೆ ಹಿಟ್ಟು ಬಿಟ್ಟಿಗೆ ಅಂಟಿಕೊಂಡು ಬಂದು ಹುಳಿವಾಸನೆ ಹೊಡೆದರೆ ಮರ ಬದಲಿಸಲೇಬೇಕು. ಈ ಕಂಡಿಗಳನ್ನು ಎಪಾಕ್ಸಿ ಅಂಟಿನಿಂದ ಮುಚ್ಚುವುದು ಸುಲಭ.

ಬದಲಿಸುವ ಕ್ರಮ ಹೀಗೆ. ಹೊರ ಪದರ ಮುಟ್ಟದೆ, ಒಳ ಪದರವನ್ನು ಸುತ್ತ 5 ಸೆಂಟಿಮೀಟರ್ ಅಂಚು ಬಿಟ್ಟು ಗ್ರೈಂಡರಿನಿಂದ ಕತ್ತರಿಸಿ. ಕೊಳೆತ ಮರವನ್ನು ಉಳಿಯಿಂದ ಕೆತ್ತಿ ತೆಗೆದು, ಹೊರ ಪದರದ ಒಳಮೈಯನ್ನು 40 ನಂಬರ್ ಕಾಗದದಿಂದ ಉಜ್ಜಿ, ಅಸಿಟೋನಿನಿಂದ ಒರೆಸಿ. ನಾಲ್ಕೈದು ದಿನ ಬಿಸಿಲಿಗೆ ಬಿಡಿ, ಒದ್ದೆ ಮೈಗೆ ಯಾವ ಅಂಟೂ ಹಿಡಿಯುವುದಿಲ್ಲ. ಐಎಸ್ 710 ಮುದ್ರೆಯ ಮೆರೈನ್ ಪ್ಲೈ 18 ಮಿ.ಮೀ.ದು ತನ್ನಿ. ಗೋಡೆ ಒಂದೂವರೆ ಮೀಟರ್ ಅಗಲ, ಅರ್ಧ ಮೀಟರ್ ಎತ್ತರ ಇದ್ದರೆ ಎರಡು ಪದರಕ್ಕೆ 8×4ರ ಒಂದೇ ಹಾಳೆಯಲ್ಲಿ ಆಗಿ ಮಿಗುತ್ತದೆ. ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಚಟ್ನಿಯ ಹದಕ್ಕೆ ತಂದು, ಟೈಲ್ಸ್ ಕೂರಿಸುವ ಹಲ್ಲಿನ ಕರಣೆಯಿಂದ ಎಳೆದು ಹಚ್ಚಿ. ಕ್ಲಾಂಪ್ ಬಿಗಿಯುವಾಗ ಅಂಚಿನಿಂದ ಸ್ವಲ್ಪ ಅಂಟು ಹೊರಬಂದರೆ ಅಲ್ಲಿಗೆ ನಿಲ್ಲಿಸಿ. ಜಾಸ್ತಿ ಬಿಗಿದರೆ ಅಂಟೆಲ್ಲ ಹಿಂಡಿಹೋಗಿ ಕೀಲು ಒಣಗಿದಂತಾಗುತ್ತದೆ. ಆಮೇಲೆ ಮೂಲೆಗಳನ್ನು ಅದೇ ಲೇಪದಿಂದ ಗುಂಡಗೆ ಮಾಡಿ, ನೇಯ್ದ ಗ್ಲಾಸ್ ಬಟ್ಟೆಯನ್ನು ಮೂರ್ನಾಲ್ಕು ಪದರ ಹಚ್ಚಿ. ಒಂದೊಂದು ಪದರವೂ ಹಿಂದಿನದಕ್ಕಿಂತ ಎರಡು ಬೆರಳಷ್ಟು ಆಚೆ ಚಾಚಿರಲಿ.

ಟ್ಯಾಂಕ್ ರಿಪೇರಿಯವರ ಬಳಿ ಇರುವ ಮ್ಯಾಟು ಎಪಾಕ್ಸಿಗೆ ಸಾಮಾನ್ಯವಾಗಿ ಒಗ್ಗದು. ಅದರ ಎಳೆಗಳನ್ನು ಹಿಡಿದಿಡುವ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ನಲ್ಲಿ. ಎಪಾಕ್ಸಿಯಲ್ಲಿ ಅದು ಸೆಟೆದು ನಿಂತು ಗಾಳಿಗುಳ್ಳೆ ಉಳಿಸುತ್ತದೆ. ಪಾಲಿಯೆಸ್ಟರಿನಲ್ಲೇ ಮಾಡುವವರಿಗೆ ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ನೇರಳೆ ಬಣ್ಣದ ಕೋಬಾಲ್ಟನ್ನೂ ನೀರಿನಂಥ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಮಾತ್ರ ಹಾರ್ಡನರ್ ಹಾಕಬೇಕು.

ಏಪ್ರಿಲ್ ಬಿಸಿಲಲ್ಲಿ ಅರ್ಧ ಕಿಲೋ ಎಪಾಕ್ಸಿಯನ್ನು ಡಬ್ಬಿಯಲ್ಲಿ ಕಲಸಿಟ್ಟರೆ ಅದು ಹೊಗೆಯಾಡಿ ಗಟ್ಟಿಯಾಗುತ್ತದೆ. ಬೆಳಗ್ಗೆ ಒಂಬತ್ತರೊಳಗೆ, 200 ಗ್ರಾಮಿನಂತೆ, ಅಗಲವಾದ ತಟ್ಟೆಯಲ್ಲಿ ಕಲಸಿ. ನಿಧಾನದ ಹಾರ್ಡನರ್ ಕೇಳಿ ತನ್ನಿ.

ಕೊನೆಗೆ ಬೋಲ್ಟಿನ ಕಂಡಿ. ಮೊದಲು ತಪ್ಪಾದದ್ದೇ ಇಲ್ಲಿ. 12 ಮಿ.ಮೀ. ಬೋಲ್ಟಿಗೆ 18 ಮಿ.ಮೀ. ಕಂಡಿ ಕೊರೆದು, ಪೂರ್ತಿ ಎಪಾಕ್ಸಿ ತುಂಬಿ, ಅದು ಕಲ್ಲಾದ ಮೇಲೆ ನಡುವೆ 12 ಮಿ.ಮೀ. ಕೊರೆಯಿರಿ. ಬೋಲ್ಟಿನ ಸುತ್ತ ನೀರು ಇಳಿದರೂ ಮರಕ್ಕೆ ತಾಗದು. ಸೀಲಂಟ್ ಪಾಲಿಯುರೆಥೇನಿನದ್ದೇ ಇರಲಿ, ಬಾತ್‌ರೂಮಿನ ಸಿಲಿಕೋನ್ ಬೇಡ.

ಪ್ರಶ್ನೆ: ಇಂಜಿನ್ನಿನ ಕೆಳಭಾಗದ ಗೇರ್ ಆಯಿಲ್ ಬಿಚ್ಚಿದೆವು. ಹಾಲು ಹಾಕಿದ ಟೀ ಥರ ಬಂತು. ಮೆಕ್ಯಾನಿಕ್ ‘ಗೇರ್ ಬಾಕ್ಸ್ ಪೂರ್ತಿ ಬಿಚ್ಚಬೇಕು’ ಅಂತ ದೊಡ್ಡ ಲೆಕ್ಕ ಹೇಳಿದರು. — ಓದುಗರು, ಹರಿಹರ

ಉತ್ತರ: ಹಾಲಿನ ಬಣ್ಣ ಎಂದರೆ ಎಣ್ಣೆಯೊಳಗೆ ನೀರು ಬೆರೆತಿದೆ. ನೀರು ಎಲ್ಲಿಂದ ಬಂತು ಎಂದು ಹುಡುಕದೆ ಗೇರ್ ಬಿಚ್ಚಿಸುವುದು ದುಡ್ಡು ದಂಡ. ಮುಖ್ಯ ದಾರಿಗಳು ನಾಲ್ಕು: ಎಣ್ಣೆಯ ಮೇಲಿನ, ಕೆಳಗಿನ ಎರಡು ಸ್ಕ್ರೂಗಳ ವಾಷರ್, ಪ್ರೊಪೆಲ್ಲರ್ ಶಾಫ್ಟಿನ ಸೀಲು, ಗೇರ್ ಬದಲಿಸುವ ಕಡ್ಡಿಯ ಸೀಲು, ಮೇಲಿಂದ ಬರುವ ಡ್ರೈವ್ ಶಾಫ್ಟಿನ ಸೀಲು.

ಮೊದಲು ಪ್ರೊಪೆಲ್ಲರ್ ಕಳಚಿ. ಸ್ಪ್ಲಿಟ್ ಪಿನ್ ತೆಗೆದು, ನಟ್ಟು ಬಿಚ್ಚಿ, ಪ್ರೊಪೆಲ್ಲರ್ ಎಳೆದರೆ ಹಿಂದೆ ಒಂದು ದಪ್ಪ ಹಿತ್ತಾಳೆ ಬಳೆ ಇರುತ್ತದೆ. ಅದರಾಚೆ ಶಾಫ್ಟಿನ ಬುಡದಲ್ಲಿ ಉಗುರಿನಿಂದ ಕೆರೆದು ನೋಡಿ. ನದಿಯಲ್ಲಿ, ಕೆರೆಯಲ್ಲಿ ಓಡುವ ಬೋಟಿಗೆ ಅಲ್ಲಿ ಹೆಚ್ಚಾಗಿ ಸಿಗುವುದು ಮೀನು ಬಲೆಯ ನೈಲಾನ್ ದಾರ. ಶಾಫ್ಟ್ ಸುತ್ತ ಬಿಗಿದು ಬಿಸಿಗೆ ಕರಗಿ, ಪಾರದರ್ಶಕ ಉಂಗುರದಂತೆ ಅಂಟಿಕೊಂಡಿರುತ್ತದೆ. ಕಣ್ಣಿಗೆ ಅದು ಇಂಜಿನ್ನಿನದೇ ಒಂದು ಭಾಗ ಅನಿಸುತ್ತದೆ, ಸೂಜಿ ಹಾಕಿ ಎಬ್ಬಿಸಿದರೆ ಸುರುಳಿಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಸೀಲಿನ ತುಟಿ ಕೊಯ್ಯುವುದು ಅದೇ. ದಾರ ಸಿಕ್ಕಿತೆಂದರೆ ಸೀಲು ಬದಲಿಸಲೇಬೇಕು. ಹಳೆ ಸೀಲಿನ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಅಚ್ಚಾಗಿರುತ್ತದೆ. ದಾವಣಗೆರೆಯ ಬೇರಿಂಗ್ ಅಂಗಡಿಗಳಲ್ಲಿ ಅದೇ ಅಳತೆ ಸಿಗಬಹುದು, ಆದರೆ ಒಳಗಿನ ಸ್ಪ್ರಿಂಗ್ ಸ್ಟೇನ್‌ಲೆಸ್ ಇದೆಯೇ ಎಂದು ಕೇಳಿ. ಮಾಮೂಲು ಸ್ಪ್ರಿಂಗ್ ನೀರಲ್ಲಿ ತುಕ್ಕು ಹಿಡಿಯುತ್ತದೆ. ಹೆಚ್ಚಿನ ಇಂಜಿನ್ನಿನಲ್ಲಿ ಸೀಲು ಜೋಡಿಯಾಗಿ ಇರುವುದರಿಂದ ಎರಡನ್ನೂ ಬದಲಿಸಿ. ಶಾಫ್ಟಿನ ಮೇಲೆ ಹಳೆ ಸೀಲು ಗೀರಿದ ಕಾಲುವೆ ಉಗುರಿಗೆ ಸಿಕ್ಕುವಷ್ಟಿದ್ದರೆ ಹೊಸ ಸೀಲೂ ಬಾಳದು.

ದಾರ ಸಿಗದಿದ್ದರೆ ಗಾಳಿ ಪರೀಕ್ಷೆ. ಎಣ್ಣೆ ಪೂರ್ತಿ ಬಸಿದು, ಕೆಳಗಿನ ಸ್ಕ್ರೂ ಮುಚ್ಚಿ, ಮೇಲಿನ ಕಂಡಿಗೆ ಮೀಟರ್ ಇರುವ ಕೈಪಂಪು ಜೋಡಿಸಿ 10 ಪಿಎಸ್‌ಐ ಗಾಳಿ ತುಂಬಿ, ಐದು ನಿಮಿಷ ಕಾಯಿರಿ. ಮುಳ್ಳು ಇಳಿದರೆ ಸೋಪಿನ ನೀರು ಚಿಮುಕಿಸಿ, ಶಾಫ್ಟ್ ಕೈಯಿಂದ ತಿರುಗಿಸುತ್ತಾ ನೊರೆ ಎಲ್ಲಿ ಬರುತ್ತದೆ ನೋಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಬೇಡಿ, ಚೆನ್ನಾಗಿದ್ದ ಸೀಲೂ ಹಾರಿಹೋಗುತ್ತದೆ.

ಎಣ್ಣೆ ತುಂಬುವುದು ಯಾವಾಗಲೂ ಕೆಳಗಿನ ಕಂಡಿಯಿಂದ. ಮೇಲಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಂಡು ಅರ್ಧಕ್ಕೆ ‘ತುಂಬಿತು’ ಎನಿಸುತ್ತದೆ. ಕೆಳಗಿಂದ ಒತ್ತುತ್ತಾ ಮೇಲಿನ ಕಂಡಿಯಲ್ಲಿ ಗುಳ್ಳೆಯಿಲ್ಲದ ಎಣ್ಣೆ ಬಂದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್, ಪ್ರೊಪೆಲ್ಲರಿಗೆ ಹೊಸ ಸ್ಪ್ಲಿಟ್ ಪಿನ್. ಎರಡು ಗಂಟೆ ಓಡಿಸಿ, ಬೋಟು ರಾತ್ರಿಯಿಡೀ ನಿಂತ ಮೇಲೆ ಬೆಳಗ್ಗೆ ಕೆಳಗಿನ ಸ್ಕ್ರೂ ಒಂದು ಸುತ್ತು ಸಡಿಲಿಸಿ ನಾಲ್ಕು ಹನಿ ನೋಡಿ. ನೀರು ಭಾರ, ಇದ್ದರೆ ಅದೇ ಮೊದಲು ಬರುತ್ತದೆ.

ಪ್ರಶ್ನೆ: ಇಂಜಿನ್ನಿನ ಹಿಂದೆ ಪಿಚಕಾರಿಯಂತೆ ಬರುತ್ತಿದ್ದ ನೀರು ಈಗ ಸಣ್ಣಗಾಗಿದೆ. ಇಂಪೆಲ್ಲರ್ ಹೊಸದೇ ಹಾಕಿಸಿದ್ದೆವು, ಆದರೂ ಸರಿಯಾಗಿಲ್ಲ. — ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಸಣ್ಣ ಕಂಡಿಗೇ ಒಂದು ನೈಲಾನ್ ಎಳೆ ತೂರಿಸಿ. ಬೋಟು ಶೆಡ್ಡಿನಲ್ಲಿ ನಿಂತಿದ್ದರೆ ಮಣ್ಣುಗೂಡು ಕಟ್ಟುವ ಕಣಜಕ್ಕೆ ಅದು ಹೇಳಿ ಮಾಡಿಸಿದ ಜಾಗ. ಕಬ್ಬಿಣದ ತಂತಿ ಹಾಕಬೇಡಿ.

ಅಲ್ಲಿ ಏನೂ ಇಲ್ಲದಿದ್ದರೆ ಹಳೆ ಇಂಪೆಲ್ಲರ್ ತರಿಸಿ ನೋಡಿ. ಅದರ ರೆಕ್ಕೆಗಳಲ್ಲಿ ಎಷ್ಟು ಮುರಿದಿದ್ದವು? ಮುರಿದ ತುಂಡುಗಳು ಹೊರಗೆ ಸಿಕ್ಕಿಲ್ಲವೆಂದರೆ ಅವು ಮೇಲೆ ಹೋಗಿ ನೀರಿನ ಕೊಳವೆಯಲ್ಲೋ ಥರ್ಮೋಸ್ಟಾಟಿನ ಬಾಯಲ್ಲೋ ಕೂತಿವೆ. ಹೊಸ ಇಂಪೆಲ್ಲರ್ ಎಷ್ಟು ನೂಕಿದರೂ ನೀರು ದಾಟದು. ಥರ್ಮೋಸ್ಟಾಟ್ ಮುಚ್ಚಳ ತೆಗೆದು ತುಂಡು, ಉಪ್ಪಿನ ಹೆಪ್ಪು ಎರಡನ್ನೂ ತೆಗೆಯಿರಿ. ಸಮುದ್ರದಲ್ಲಿದ್ದ ಇಂಜಿನ್ನಿನ ಬೋಲ್ಟುಗಳು ಅಲ್ಯುಮಿನಿಯಂಗೆ ಕಚ್ಚಿಕೊಂಡಿರುತ್ತವೆ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಬಿಸಿ ಮಾಡಿ, ಬಿಗಿ ಸಡಿಲ ಬಿಗಿ ಸಡಿಲ ಎಂದು ಕಾಲು ಕಾಲು ಸುತ್ತು ತಿರುಗಿಸಿ. ಒಂದೇ ಏಟಿಗೆ ಎಳೆದರೆ ತಲೆ ಕೈಗೆ ಬರುತ್ತದೆ. ಥರ್ಮೋಸ್ಟಾಟನ್ನು ದಾರ ಕಟ್ಟಿ ಪಾತ್ರೆಯ ನೀರಿಗೆ ಬಿಟ್ಟು ಒಲೆ ಮೇಲಿಡಿ. ನೀರು ಕುದಿಯುವುದಕ್ಕೆ ಬಹಳ ಮೊದಲೇ ಅದು ಬಾಯಿ ಬಿಡಬೇಕು. ಹಾಳಾಗಿದ್ದರೆ ಹೊಸದು ಹಾಕಿ, ತೆಗೆದು ಹಾಗೇ ಓಡಿಸಬೇಡಿ. ತಣ್ಣಗಿನ ಟೂ ಸ್ಟ್ರೋಕ್ ಇಂಜಿನ್ ಪ್ಲಗ್ಗಿಗೆ ಮಸಿ ಕಟ್ಟುತ್ತದೆ.

ಇನ್ನೊಂದು ಸಾಧ್ಯತೆ, ಇಂಪೆಲ್ಲರ್ ಮಾತ್ರ ಬದಲಿಸಿ ಅದು ತಿರುಗುವ ಬಟ್ಟಲನ್ನು ಹಳೆಯದೇ ಬಿಟ್ಟಿರಬಹುದು. ಮಳೆಗಾಲದ ಕೆನ್ನೀರಿನ ಮರಳು ಆ ಬಟ್ಟಲನ್ನೂ ಅಡಿಯ ತಗಡನ್ನೂ ಗೀರಿಬಿಡುತ್ತದೆ. ಉಗುರು ಸಿಕ್ಕುವ ಗೀರಿದ್ದರೆ ಕಿಟ್ ಪೂರ್ತಿ ಬದಲಿಸಿ. ಕೂರಿಸುವಾಗ ಡ್ರೈವ್ ಶಾಫ್ಟನ್ನು ಮೇಲಿಂದ ನೋಡಿದಂತೆ ಬಲಕ್ಕೆ ತಿರುಗಿಸುತ್ತಾ ಬಟ್ಟಲು ಒತ್ತಬೇಕು, ಆಗ ರೆಕ್ಕೆಗಳು ಸರಿಯಾದ ಕಡೆಗೆ ಮಡಚುತ್ತವೆ. ಶಾಫ್ಟಿನ ಪಕ್ಕದ ಹಲ್ಲಿಗೆ ಗ್ರೀಸ್ ಹಚ್ಚಿ, ನೆತ್ತಿಗೆ ಹಚ್ಚಬೇಡಿ. ನೆತ್ತಿಯ ಗ್ರೀಸ್ ದಾರಿ ಇಲ್ಲದೆ ಒತ್ತಿಕೊಂಡು ಶಾಫ್ಟ್ ಪೂರ್ತಿ ಕೂರಲು ಬಿಡದು.

ಪ್ರಶ್ನೆ: ನನ್ನ ತಮ್ಮ ಬೈಕಿನ 2ಟಿ ಆಯಿಲ್ಲೇ ಹಾಕ್ತಾನೆ, ಅಂದಾಜಲ್ಲಿ ಸುರೀತಾನೆ. ಎರಡು ವಾರ ನಿಲ್ಲಿಸಿದರೆ ಇಂಜಿನ್ ಸ್ಟಾರ್ಟ್ ಆಗಲ್ಲ, ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಚಪ್ಪಟೆ ಆಗುತ್ತೆ. ಏನು ಕಾರಣ ಸರ್? — ಓದುಗರು, ಚಿತ್ರದುರ್ಗ

ಉತ್ತರ: ಬೈಕಿನ ಎಣ್ಣೆ ಗಾಳಿಯಲ್ಲಿ ತಣಿಯುವ ಬಿಸಿ ಇಂಜಿನ್ನಿಗೆ ಮಾಡಿದ್ದು, ಅದರಲ್ಲಿ ಬೂದಿ ಉಳಿಸುವ ಅಂಶ ಇರುತ್ತದೆ. ನೀರಲ್ಲಿ ತಣ್ಣಗೆ ಓಡುವ ಔಟ್‌ಬೋರ್ಡಿನಲ್ಲಿ ಅದು ರಿಂಗ್ ಕಚ್ಚಿಸಿ ಪ್ಲಗ್ಗಿನ ತುದಿಗೆ ಮಸಿ ಕಟ್ಟುತ್ತದೆ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರುವುದೇ ಬೇಕು. ಅಳತೆ ಕೈಪಿಡಿಯಲ್ಲಿ ಇರುವಂತೆ. ಅದು 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25 ಲೀಟರ್ ಟ್ಯಾಂಕಿಗೆ ಅರ್ಧ ಲೀಟರ್. ಔಷಧಿ ಅಂಗಡಿಯ ಅಳತೆ ಲೋಟ ಒಂದು ಬೋಟಿನಲ್ಲೇ ಇಡಿ. ಎಣ್ಣೆ ಕಮ್ಮಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಬಲ್ಬ್ ಚಪ್ಪಟೆ ಆಗುವುದೆಂದರೆ ಟ್ಯಾಂಕಿನ ಕಡೆಯಿಂದ ಪೆಟ್ರೋಲ್ ಬರುತ್ತಿಲ್ಲ. ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ ಮೊದಲು ನೋಡಿ, ಬಹಳ ಸಲ ಅಷ್ಟೇ ಇರುತ್ತದೆ. ತೆರೆದಿದ್ದರೂ ಹೀಗಾದರೆ ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ, ಇಲ್ಲವೇ ಹಳೆ ಪೈಪಿನ ಒಳಪದರ ಬಿಟ್ಟು ಮಡಚಿಕೊಂಡಿದೆ. ಬಲ್ಬ್ ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಅದು ಬೇರೆ ರೋಗ: ಗಾಳಿ ಸೋರಿಕೆ, ಅಥವಾ ಕಾರ್ಬುರೇಟರಿನ ಫ್ಲೋಟ್ ಸೂಜಿ ಮುಚ್ಚುತ್ತಿಲ್ಲ.

ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರ್ ಅದಕ್ಕೆ ಮೆತ್ತಗಾಗುತ್ತದೆ, ಜೊತೆಗೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಟ್ಯಾಂಕಿನ ಹೀರುಗೊಳವೆ ಇರುವುದೂ ತಳದಲ್ಲೇ. ಎಣ್ಣೆ ಇಲ್ಲದ ಆ ದ್ರವ ಇಂಜಿನ್ನಿಗೆ ಹೋದರೆ ಸ್ಟಾರ್ಟ್ ಆಗದಿದ್ದರೆ ಪುಣ್ಯ, ಸ್ಟಾರ್ಟ್ ಆಗಿಬಿಟ್ಟರೆ ಪಿಸ್ಟನ್ ಕೆಡುತ್ತದೆ. ಟ್ಯಾಂಕಿನ ತಳದಿಂದ ಒಂದಷ್ಟನ್ನು ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ನಿಲ್ಲಿಸಿ. ನಡುವೆ ಗೆರೆ ಕಂಡರೆ ಪೂರ್ತಿ ಚೆಲ್ಲಿ. ಪೈಪು, ಬಲ್ಬ್ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ, ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಒಂದನ್ನು ನಡುವೆ ಕೂರಿಸಿ. ಪೆಟ್ರೋಲ್ ಒಂದು ವಾರಕ್ಕಾಗುವಷ್ಟೇ ಕಲಸಿ. ದಡಕ್ಕೆ ಬಂದ ಮೇಲೆ ಪೈಪು ಕಳಚಿ ಇಂಜಿನ್ ತಾನಾಗಿ ನಿಲ್ಲುವ ತನಕ ನೀರಲ್ಲೇ ಓಡಿಸಿದರೆ ಕಾರ್ಬುರೇಟರ್ ಹೆಚ್ಚುಕಮ್ಮಿ ಖಾಲಿಯಾಗುತ್ತದೆ, ಬಟ್ಟಲಿನ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಬಸಿಯಿರಿ.

ಪ್ರಶ್ನೆ: ಸಮುದ್ರದಲ್ಲಿ ಆರು ಜನ ಕೂತರೂ ಹಾರುತ್ತಿದ್ದ ಬೋಟು ನಮ್ಮ ಹಿನ್ನೀರಿನಲ್ಲಿ ಮೂತಿ ಎತ್ತಿಕೊಂಡು ತೆವಳುತ್ತದೆ. ಇಂಜಿನ್ ಚೆಕ್ ಮಾಡಿಸಿದೆವು, ಏನೂ ತೊಂದರೆ ಇಲ್ಲವಂತೆ. — ಓದುಗರು, ಹೊಸದುರ್ಗ

ಉತ್ತರ: ಇಂಜಿನ್ ಚೆನ್ನಾಗಿರಬಹುದು, ಜಾಗ ಬದಲಾಗಿದೆ. ನಿಮ್ಮ ಹಿನ್ನೀರು ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ. ಪ್ರತಿ 300 ಮೀಟರಿಗೆ ಇಂಜಿನ್ ಸುಮಾರು ಶೇ 3ರಷ್ಟು ಬಲ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವುದರಿಂದ. 40 ಎಚ್‌ಪಿ ಇಲ್ಲಿ 37, 38 ಆಯಿತು. ಸಿಹಿನೀರು ಉಪ್ಪುನೀರಿಗಿಂತ ಹಗುರ, ಬೋಟು ಸ್ವಲ್ಪ ಹೆಚ್ಚು ಮುಳುಗುತ್ತದೆ. ಮಲ್ಪೆಯಲ್ಲಿ ಸರಿಹೊಂದಿದ್ದ ಪ್ರೊಪೆಲ್ಲರ್ ಇಲ್ಲಿ ಭಾರವಾಗುತ್ತದೆ.

ಪ್ಲಗ್ ವೈರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಸಿಗುತ್ತದೆ. ಅದನ್ನು ಹಾಕಿ, ಮಾಮೂಲು ಜನ ಕೂರಿಸಿ, ಪೂರ್ತಿ ಥ್ರಾಟಲ್ ಕೊಟ್ಟು ಓದಿ. ನಿಮ್ಮ ಇಂಜಿನ್ನಿಗೆ ಕೈಪಿಡಿ ಹೇಳಿದ ಮಿತಿ 4500ರಿಂದ 5500 ಎಂದಿಟ್ಟುಕೊಳ್ಳಿ, ಮೀಟರ್ 4600 ತೋರಿಸಿದರೆ, ಮಿತಿಯೊಳಗಿದ್ದರೂ ಅದು ತೀರಾ ಕೆಳಗಿನ ತುದಿ, ಇಂಜಿನ್ ಹೆಚ್ಚಿನ ಹೊರೆ ಎತ್ತುತ್ತಿದೆ. ಪಿಚ್, ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ, ಒಂದು ಇಂಚು ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ. 13ರ ಬದಲು 11 ಇಂಚು ಪಿಚ್ ಹಾಕಿದರೆ 5000ದ ಹತ್ತಿರ ಬರುತ್ತದೆ. ಪಿಚ್ ಸಂಖ್ಯೆ ಪ್ರೊಪೆಲ್ಲರಿನ ಮೇಲೇ ಅಚ್ಚಾಗಿರುತ್ತದೆ, ಎರಡು ಅಂಕಿಗಳಲ್ಲಿ ಎರಡನೆಯದು. ಕಮ್ಮಿ ಸುತ್ತಿನಲ್ಲಿ ಎಳೆಸುತ್ತಾ ಹೋದರೆ ಪಿಸ್ಟನ್ ಕಾಯುತ್ತದೆ, ಮಸಿ ಕಟ್ಟುತ್ತದೆ, ಇದು ಬರೀ ವೇಗದ ಪ್ರಶ್ನೆಯಲ್ಲ.

ಪ್ರೊಪೆಲ್ಲರ್ ಕೊಳ್ಳುವ ಮುನ್ನ ಮೂರು ನೋಡಿ. ಕೇಬಲ್ ಎಳೆದಾಗ ಕಾರ್ಬುರೇಟರಿನ ಬಾಯಿ ನಿಜವಾಗಿ ಪೂರ್ತಿ ತೆರೆಯುತ್ತದೆಯೇ? ಮೇಲೆ ಹಿರಿಯೂರಿನವರಿಗೆ ಹೇಳಿದ ಹಾಗೆ ಫೋಮ್ ನೀರು ಕುಡಿದಿದೆಯೇ? ಇಂಜಿನ್ನಿನ ಚಪ್ಪಟೆ ರೆಕ್ಕೆ ಬೋಟಿನ ತಳದ ಮಟ್ಟಕ್ಕೆ, ಇಲ್ಲವೇ ಒಂದು ಇಂಚು ಕೆಳಗೆ ಇದೆಯೇ? ಇಂಜಿನ್ ಕಿರುಚಿ, ಮೀಟರ್ ಏರಿ, ಬೋಟು ಮಾತ್ರ ಮುಂದೆ ಹೋಗದಿದ್ದರೆ ಅದು ಪಿಚ್ ಅಲ್ಲ, ಪ್ರೊಪೆಲ್ಲರ್ ನಡುವಿನ ರಬ್ಬರ್ ಜಾರುತ್ತಿದೆ. ಪ್ರೊಪೆಲ್ಲರಿನ ಹಬ್ ಮತ್ತು ಅದರ ನಡುವೆ ಶಾಫ್ಟಿಗೆ ಕೂರುವ ಒಳಕೊಳವೆ ಎರಡರ ಮೇಲೂ ಹಾಯುವಂತೆ ಅಡ್ಡವಾಗಿ ಒಂದು ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ಕೂಡದಿದ್ದರೆ ಜಾರಿದೆ.

ಪ್ರಶ್ನೆ: ಪ್ರತಿ ವಾರ ಬ್ಯಾಟರಿ ಡೌನ್. ಬ್ಯಾಟರಿ ಹೊಸದು, ಟ್ರ್ಯಾಕ್ಟರಿನದ್ದು. — ಓದುಗರು, ಹೊನ್ನಾಳಿ

ಉತ್ತರ: ಚಾರ್ಜ್ ಆಗುತ್ತಿದೆಯೇ, ಸೋರುತ್ತಿದೆಯೇ ಎಂದು ಬೇರೆ ಬೇರೆ ನೋಡಿ. ತುಂಬಿದ ಬ್ಯಾಟರಿ ನಿಂತಾಗ 12.6 ವೋಲ್ಟ್ ಮೇಲಿರಬೇಕು, ಇಂಜಿನ್ ಓಡುವಾಗ 13.8ರಿಂದ 14.4. ಓಡುವಾಗಲೂ 12ರಲ್ಲೇ ಇದ್ದರೆ ಚಾರ್ಜ್ ಇಲ್ಲ. ಹಗ್ಗ ಎಳೆಯುವ ಕೆಲವು ಇಂಜಿನ್ನುಗಳಲ್ಲಿ ದೀಪಕ್ಕೆಂದು ಕಾಯಿಲ್ ಮಾತ್ರ ಇರುತ್ತದೆ, ಅದರಿಂದ ಬರುವುದು ಎಸಿ ಕರೆಂಟು. ಅದನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇಲ್ಲದೆ ಬ್ಯಾಟರಿ ತುಂಬದು.

ಚಾರ್ಜ್ ಸರಿಯಿದ್ದರೆ ಎಲ್ಲ ಸ್ವಿಚ್ ಆರಿಸಿ, ಬ್ಯಾಟರಿಯ ಒಂದು ತಂತಿ ಕಳಚಿ ನಡುವೆ ಮೀಟರ್ ಇಡಿ. 50 ಮಿಲಿಆಂಪ್ ಸೋರಿದರೂ ವಾರಕ್ಕೆ 8 ಆಂಪಿಯರ್ ಅವರ್ ಹೋಯಿತು. ಹೆಚ್ಚಾಗಿ ಸಿಕ್ಕಿಬೀಳುವುದು ತಳದ ನೀರು ಎತ್ತುವ ಪಂಪಿನ ಫ್ಲೋಟ್ ಸ್ವಿಚ್, ಕಸ ಸಿಕ್ಕಿ ಅರ್ಧಕ್ಕೆ ನಿಂತಿರುತ್ತದೆ. ಸ್ವಚ್ಛ ಮಾಡಿ, ಆದರೆ ಆ ಪಂಪನ್ನು ಮೈನ್ ಸ್ವಿಚ್ಚಿಗೆ ಸೇರಿಸಬೇಡಿ. ನೀವು ಮನೆಯಲ್ಲಿದ್ದಾಗ ಮಳೆ ಬಂದರೆ ಬೋಟನ್ನು ಕಾಯುವುದು ಅದೊಂದೇ. ಬ್ಯಾಟರಿಗೆ ನೇರ ಜೋಡಿಸಿ, ಫ್ಯೂಸ್ ಮಾತ್ರ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ತಂತಿಯ ತುದಿ ಸುಲಿದು ನೋಡಿ, ತಾಮ್ರ ಕಪ್ಪಾಗಿದ್ದರೆ ಒಳಗೆ ಬಹುದೂರ ಹಾಗೇ ಇರುತ್ತದೆ. ತವರ ಲೇಪದ ತಂತಿ ಹಾಕಿಸಿ.

ಪ್ರಶ್ನೆ: ನಮ್ಮ ಕೈಯಲ್ಲಿರುವುದು ಛಾಪಾ ಕಾಗದದ ಕ್ರಯಪತ್ರ ಮಾತ್ರ. ಜನರನ್ನು ಕೂರಿಸಬಹುದಾ? — ಓದುಗರು, ದಾವಣಗೆರೆ

ಉತ್ತರ: ಈಗಲೇ ಬೇಡ. ಇಂಜಿನ್ ಇರುವ ಬೋಟಿಗೆ ಒಳನಾಡು ಹಡಗುಗಳ ಕಾಯ್ದೆ 2021ರಂತೆ ತಪಾಸಣೆ, ನೋಂದಣಿ, ವಿಮೆ ಬೇಕು. ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲಿ ವಿಚಾರಿಸಿ. ಮಾರಿದವರ ಹೆಸರಿನಲ್ಲಿ ಮೀನುಗಾರಿಕೆ ಬೋಟಾಗಿ ನೋಂದಣಿ ಇದ್ದರೆ ಆ ಮೂಲ ಕಾಗದ ತರಿಸಿಕೊಳ್ಳಿ, ಇಂಜಿನ್ ಸಂಖ್ಯೆಯನ್ನು ತಾಳೆ ನೋಡಿ. ಕೆರೆ, ಜಲಾಶಯದ ಉಸ್ತುವಾರಿ ಯಾರದೋ ಅವರ ಅನುಮತಿ ಬೇರೆಯೇ ಬೇಕು.

ತಪಾಸಣೆಗೆ ಮೊದಲು, ಬೋಟಿನ ಜೊತೆ ಬಂದ ಹಳೆ ಲೈಫ್ ಜಾಕೆಟ್‌ಗಳನ್ನು ಒಂದೊಂದಾಗಿ ನೋಡಿ. ಹೊಲಿಗೆ ಎಳೆದರೆ ಬಿಡಬಾರದು, ಒಳಗಿನ ಫೋಮ್ ಹಿಸುಕಿದರೆ ಮತ್ತೆ ಉಬ್ಬಬೇಕು. ನಿಮ್ಮಲ್ಲೊಬ್ಬರು ತೊಟ್ಟು ಎದೆಮಟ್ಟದ ನೀರಿನಲ್ಲಿ ಕಾಲು ಎತ್ತಿ ತೇಲಿ ನೋಡಿ, ಗಲ್ಲ ನೀರಿನ ಮೇಲೆ ಉಳಿಯಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ತೊಡೆಸಂದಿನ ಪಟ್ಟಿ ಇರುವಂಥದ್ದು. ಆ ಪಟ್ಟಿ ಇಲ್ಲದಿದ್ದರೆ ಮಗು ನೀರಿಗೆ ಬಿದ್ದ ತಕ್ಷಣ ಜಾಕೆಟ್ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.